ಬೇಲಿಯೊಳಗಿನ ಗುಡಾರ ಬಿಚ್ಚಿದ ದಿನ

ಕೌಲ್ ಬಜಾರ್, ಬಳ್ಳಾರಿ

"ಮಂಗೋಲಿಯಾಕ್ಕಾ? ಅಲ್ಲೇನೈತಿ?" ಎಂದು ಕೇಳದವರು ನಮ್ಮ ಓಣಿಯಲ್ಲಿ ಯಾರೂ ಉಳಿಯಲಿಲ್ಲ. "ಕುರಿ ಅದಾವ" ಎಂದೆ. ಎದುರುಮನೆಯಲ್ಲಿ ಜೀನ್ಸ್ ಹೊಲಿಯುವ ರಜಿಯಾ ಹಲ್ಲಿನಿಂದ ದಾರ ಕಡಿದು, "ಕುರಿ ನೋಡಾಕ ವಿಮಾನ ಹತ್ತತಿಯೇನಕ್ಕಾ? ಕುರುಗೋಡ ಬಸ್ಸು ಹತ್ತಿದ್ರ ಸಾಲದೇನು?" ಎಂದಳು.

ಕುರುಗೋಡಿನ ಬಸ್ಸನ್ನು ನಾನು ದಿನವೂ ಹತ್ತುತ್ತೇನೆ. ಅದು ನನ್ನ ತವರು. ಅಲ್ಲಿ ಕರಿ ಕಂಬಳಿ ನೇಯುವ ಹೆಂಗಸರದೊಂದು ಸಂಘವಿದೆ, ಅದರ ಕಾರ್ಯದರ್ಶಿ ನಾನು. ಸಂಘಕ್ಕೆ ಬಂದ ಕಾಗದದಲ್ಲಿ ಹೀಗಿತ್ತು: ಉಲಾನ್‌ಬಾತರ್ ನಗರದಲ್ಲಿ ಉಣ್ಣೆ ಕೆಲಸ ಮಾಡುವ ಹೆಂಗಸರಿದ್ದಾರೆ, ಹವಾಮಾನ ಬದಲಾವಣೆಯಿಂದ ಸಂತ್ರಸ್ತರಾದ ಅಲೆಮಾರಿ ಕುರಿಗಾಹಿಗಳು, ಅವರ ಜೊತೆ ಹತ್ತು ದಿನ ಇದ್ದು, ಒಬ್ಬರ ಕೆಲಸ ಒಬ್ಬರು ಕಲಿಯಬೇಕು.

ಸಂತ್ರಸ್ತರು ಎಂಬ ಮಾತನ್ನು ಎರಡು ಸಲ ಓದಿದೆ. ನಮ್ಮಪ್ಪನ ಕಾಲದಲ್ಲಿ ಭತ್ತ ಕೊಯ್ದ ಮೇಲೆ ನಮ್ಮ ಮಂದೆ ಸಿರುಗುಪ್ಪದ ಕಡೆಗೆ ಇಳಿಯುತ್ತಿತ್ತು. ಕರೂರಿನ ರೈತರು ದಾರಿಗೇ ಬಂದು, "ನಮ್ಮ ಹೊಲದಾಗ ಎರಡು ರಾತ್ರಿ ಕುರಿ ತರುಬಪ್ಪಾ" ಎಂದು ಕರೆಯುತ್ತಿದ್ದರು. ಕುರಿ ಮಲಗಿ ಎದ್ದ ಹೊಲಕ್ಕೆ ಬೇರೆ ಗೊಬ್ಬರ ಬೇಕಿರಲಿಲ್ಲ. ಈಗ ಹೊಲ ಖಾಲಿ ಬೀಳುವುದೇ ಇಲ್ಲ. ಇನ್ನು ಮಳೆ, ಬರುವ ಹೊತ್ತಿಗೆ ಬಾರದೆ, ಬರಬಾರದ ಹೊತ್ತಿನಲ್ಲಿ ವಾರಗಟ್ಟಲೆ ಹೊಡೆಯುತ್ತದೆ. ಅಂಥದ್ದೊಂದು ಮಳೆಯಲ್ಲಿ ನಮ್ಮ ಮನೆಯವರ ಮಂದೆಗೆ ನೀಲಿ ನಾಲಿಗೆ ರೋಗ ಬಂತು. ಉಳಿದ ನಾಲ್ಕಾರನ್ನು ಕೊಟ್ಟು ಬಳ್ಳಾರಿಗೆ ಬಂದೆವು. ಇವರು ಆಟೋ ಹಿಡಿದರು. ನಮ್ಮನ್ನು ಯಾರೂ ಸಂತ್ರಸ್ತರು ಎನ್ನಲಿಲ್ಲ. "ಕುರಿ ಮಾರಿ ಆಟೋ ತಗೊಂಡಾನ, ಸುಖಾ ಬಂತು" ಎಂದರು.

ಹಾಗಾಗಿ, ಸಂತ್ರಸ್ತರು ಅಂದರೆ ಹೇಗಿರುತ್ತಾರೋ ನೋಡಿಬರೋಣ ಎಂದು ಹೊರಟೆ.

ಇಳಿದ ದಿನ

ವಿಮಾನದ ಕಥೆ ಬಿಡುತ್ತೇನೆ. ಕೂತೆ, ಕಾಲು ಬಾತವು, ಇಳಿದೆ. ಫಜೀತಿ ಶುರುವಾದದ್ದು ಇಳಿದ ಮೇಲೆ. ನನ್ನ ಚೀಲದಲ್ಲಿ ಹುಣಸೆ ಬೀಜದ ಹಿಟ್ಟಿತ್ತು. ಕಂಬಳಿಯ ನೂಲಿಗೆ ನಾವು ಅದರದೇ ಗಂಜಿ ಬಳಿಯುವುದು. ತಪಾಸಣೆಯ ಹುಡುಗಿ ಮೂಸಿ ನೋಡಿ ಇನ್ನೊಬ್ಬನನ್ನು ಕರೆದಳು, ಅವನು ಮತ್ತಿಬ್ಬರನ್ನು ಕರೆದ. ಮಗ್ಗ, ನೂಲು, ಗಂಜಿ ಎಂದು ನಾನು ಕೈ ಆಡಿಸಿ ತೋರಿಸಿದೆ. ನಾನು ದೋಣಿ ಹುಟ್ಟು ಹಾಕುತ್ತಿದ್ದೇನೆ ಎಂದುಕೊಂಡರೋ ಏನೋ, ಮುಖ ಇನ್ನಷ್ಟು ಗಂಟಾಯಿತು.

ಆಗ ಬಾಗಿಲ ಆಚೆಯಿಂದ, "ಅಕ್ಕಾರ, ಹೆದರಬ್ಯಾಡ್ರಿ! ನಾ ಅದೀನಿ!" ಎಂದು ಕೂಗು ಬಂತು.

ತಿರುಗಿ ನೋಡಿದರೆ ಅಗಲ ಮುಖದ, ಕೆಂಪು ಕೆನ್ನೆಯ ಮಂಗೋಲಿ. ಹೆಸರು ಗನಾ, ಕರೆಸಿದವರು ನನಗೆ ದುಭಾಷಿಯಾಗಿ ಕಳಿಸಿದವನು. ಸಣ್ಣವನಿದ್ದಾಗ ಸನ್ಯಾಸಿಯಾಗಿ ನಮ್ಮ ಮುಂಡಗೋಡದ ಟಿಬೆಟನ್ನರ ಮಠಕ್ಕೆ ಓದಲು ಬಂದು ಹನ್ನೊಂದು ವರ್ಷ ಇದ್ದನಂತೆ. ಆಮೇಲೆ ಕಾವಿ ಬಿಟ್ಟು ಊರಿಗೆ ಹೋಗಿ ಮದುವೆಯಾಗಿ ಈಗ ವ್ಯಾನ್ ಓಡಿಸುತ್ತಾನೆ. ಮಠದ ಅಡುಗೆಗೆ ತರಕಾರಿ ತರುವುದು ಅವನ ಪಾಲಿಗಿತ್ತು. ಮುಂಡಗೋಡದ ಸಂತೆಯಲ್ಲಿ ಬದನೆಕಾಯಿ ಮಾರುವವರ ಬಾಯಿಂದಲೇ ಕನ್ನಡ ಕಲಿತವನು. ಅವನು ಅಧಿಕಾರಿಗಳಿಗೆ ಏನೋ ಹೇಳಿ, ಹಿಟ್ಟನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಚಪ್ಪರಿಸಿದ. ಬಿಟ್ಟರು.

"ಏನಂದೆಪ್ಪಾ ಅವ್ರಿಗೆ?"

"ಹಿಂದೂಸ್ತಾನದ ಮುದುಕೇರು ಮೊಣಕಾಲು ನೋವಿಗೆ ಇದನ್ನ ತಿಂತಾರ ಅಂದೆ."

"ನಾ ಮುದುಕೀನ?"

"ಬಿಟ್ರಲ್ರೀ ಅಕ್ಕಾರ. ನಡೀರಿ, ನಡೀರಿ."

ನವೆಂಬರ್ ತಿಂಗಳ ಕೊನೆ. ಹೊರಗೆ ಕಾಲಿಟ್ಟರೆ ಮೂಗಿನೊಳಗಿನ ಕೂದಲು ಮುಳ್ಳಿನಂತೆ ಸೆಟೆದು ನಿಂತವು. ವ್ಯಾನಿನಲ್ಲಿ ಗನಾ, ಅವರ ಸೀಮೆಯಲ್ಲಿ ಕುರಿಯವರು ಎದುರಾದಾಗ ಕೇಳುವ ಮಾತೊಂದನ್ನು ಹೇಳಿಕೊಟ್ಟ: "ಮಾಲ್ ಸುರೆಗ್ ತರ್ಗನ್ ತವ್ತೈ ಯೂ?" ನಿಮ್ಮ ದನಕುರಿ ಮೈತುಂಬಿಕೊಂಡು ಸುಖವಾಗಿವೆಯೇ ಎಂದು ಅರ್ಥ. ಮನುಷ್ಯರ ಕ್ಷೇಮ ಆಮೇಲೆ. ನನಗೆ ಬಹಳ ಹಿಡಿಸಿತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಗುಡ್ಡದ ಮೇಲಿನ ಬೇಲಿಗಳು

ನಗರದ ನಡುವೆ ಗಾಜಿನ ಎತ್ತರದ ಮನೆಗಳು. ಸುತ್ತಲಿನ ಗುಡ್ಡಗಳ ಮೇಲೆ, ಕಣ್ಣು ಹೋದಷ್ಟೂ, ಹಲಗೆಯ ಬೇಲಿಗಳು. ಪ್ರತಿ ಬೇಲಿಯೊಳಗೂ ಒಂದು ದುಂಡನೆಯ ಬಿಳಿ ಗುಡಾರ. ಹುಲ್ಲುಗಾವಲಿನಿಂದ ಬಂದವರು ತಮ್ಮ ಗುಡಾರವನ್ನೂ ಹೊತ್ತು ತಂದು, ನಿಲ್ಲಿಸಿ, ಸುತ್ತ ಬೇಲಿ ಹೊಡೆದಿದ್ದಾರೆ. ಪ್ರತಿಯೊಂದರ ಕೊಳವೆಯಿಂದಲೂ ಕಲ್ಲಿದ್ದಲ ಹೊಗೆ. ಬಳ್ಳಾರಿಯಲ್ಲಿ ಕೆಂಪು ಧೂಳು ಒರೆಸಿ ರೂಢಿಯಾದ ನನ್ನ ಕರ್ಚೀಪು ಅಲ್ಲಿ ಒಂದೇ ದಿನಕ್ಕೆ ಕರಿಯಾಯಿತು. ನೀರಿಗೆ ಇಳಿಜಾರಿನ ಕೆಳಗೊಂದು ಗೂಡಂಗಡಿಯಂಥ ಮನೆಗೆ ಕ್ಯಾನು, ತಳ್ಳುಬಂಡಿ ತೆಗೆದುಕೊಂಡು ಹೋಗಬೇಕು. ನಮ್ಮ ಓಣಿಯಲ್ಲಿ ನಲ್ಲಿ ಬಿಟ್ಟ ದಿನ ಹೇಗೋ ಹಾಗೇ, ನಡುವೆ ಯಾರು ನುಗ್ಗುತ್ತಾರೆ ಎಂದು ಎಲ್ಲರ ಕಣ್ಣೂ ಸಾಲಿನ ಮೇಲೇ.

ನಾನು ಉಳಿಯಬೇಕಾದದ್ದು ತುಯಾ ಎಂಬುವಳ ಮನೆಯಲ್ಲಿ. ನನ್ನದೇ ವಯಸ್ಸು, ಐವತ್ತರ ಆಚೀಚೆ. ಗಟ್ಟಿ ಹೆಂಗಸು. ಬಾಗಿಲಲ್ಲಿ ಗಂಡ ದೋರ್ಜನ ಜೊತೆ ನಿಂತಿದ್ದಳು. ನಾನು ಕೈ ಮುಗಿದು, ಕಲಿತ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

ದೋರ್ಜ್ ಮುಖ ತಿರುಗಿಸಿದ. ಗನಾನ ಕಿವಿ ಕೆಂಪಾದವು. ತುಯಾ ಮಾತ್ರ ನನ್ನನ್ನೇ ನೋಡುತ್ತ, ಒಂದೊಂದೇ ಮಾತು ತೂಗಿ, "ತರ್ಗನ್. ತವ್ತೈ" ಎಂದಳು. ಮೈತುಂಬಿವೆ, ಸುಖವಾಗಿವೆ.

ಗಡಿಬಿಡಿಯಲ್ಲಿ ಒಳಗೆ ಹೋಗುವಾಗ ಹೊಸ್ತಿಲು ತುಳಿದೆ, ತಲೆಯನ್ನು ಬಾಗಿಲ ಪಟ್ಟಿಗೆ ಬಡಿಸಿಕೊಂಡೆ. "ಹೊಸ್ತಿಲಾ ತುಳೀಬ್ಯಾಡ್ರಿ ಅಕ್ಕಾರ!" ಎಂದು ಗನಾ ಕೂಗಿದ. ನಮ್ಮಲ್ಲೂ ತುಳಿಯುವುದಿಲ್ಲ, ಆದರೆ ಬೂಟು ಹಾಕಿಕೊಂಡು ನಡೆದು ಯಾರಿಗೆ ಗೊತ್ತು? ನಾಚಿಕೆಯಾಯಿತು. ಉಡುಗೊರೆಯೆಂದು ತಂದ ಕರಿ ಕಂಬಳಿಯನ್ನು ಕೊಟ್ಟೆ. ತುಯಾ ಸಂತೋಷದಿಂದ ನೆಲಕ್ಕೆ ಹಾಸಿ ಅದರ ಮೇಲೆ ಬೂಟುಗಾಲಲ್ಲೇ ನಡೆದಾಡಿದಳು. ನಾವು ದೇವರನ್ನು ಕೂರಿಸುವ ಕಂಬಳಿ! ಹೊಸ್ತಿಲಿಗೂ ಕಂಬಳಿಗೂ ಸರಿಹೋಯಿತು.

ಉಪ್ಪು ಹಾಕಿದ ಹಾಲಿನ ಚಹಾ ಬಂತು. ಮೊದಲ ಗುಟುಕಿಗೆ ಕಣ್ಣಲ್ಲಿ ನೀರು, ಮೂರನೆಯ ಬಟ್ಟಲಿಗೆ ರೂಢಿ. ಅವಳ ಕಥೆಯನ್ನು ಗನಾ ಹೇಳುತ್ತ ಹೋದ. ಅವನ ಬಾಯಲ್ಲಿ ತುಯಾಳ ಮಾತೂ ಮುಂಡಗೋಡದ ಕನ್ನಡದಲ್ಲೇ ಬರುತ್ತಿತ್ತು, ಹಾಗೇ ಬರೆಯುತ್ತೇನೆ.

"ಬ್ಯಾಸಿಗ್ಯಾಗ ಮಳಿ ಆಗ್ಲಿಲ್ಲ, ಹುಲ್ಲು ಗೇಣು ಸೈತ ಏಳ್ಲಿಲ್ಲ. ಚಳಿಗಾಲದಾಗ ಹಿಮ ಬಿತ್ತು, ನಡುವ ಒಂದಿನ ಬಿಸಿಲು ಬಂದು ಕರಗ್ತು, ಮತ್ತ ಹೆಪ್ಪಾತು. ಹುಲ್ಲಿನ ಮ್ಯಾಲ ಗಾಜು ಹಾಸಿದಂಗ. ಕುರಿ ಗೊರಸಿನಿಂದ ಕೆರೀತಾವ, ಕೆರೀತಾವ, ಒಡಿಯಂಗಿಲ್ಲ. ನಿಂತಲ್ಲೇ ಸತ್ವು."

ಇದಕ್ಕೆ ಅವರು ಜುದ್ ಎನ್ನುತ್ತಾರೆ. ಹಿಂದೆಯೂ ಬರುತ್ತಿತ್ತಂತೆ, ಈಗ ಒಂದರ ಬೆನ್ನಿಗೊಂದು ಬರುತ್ತಿದೆಯಂತೆ. ತುಯಾಳ ಮಂದೆಯಲ್ಲಿ ಒಂದೂ ಉಳಿಯಲಿಲ್ಲ. ಅಂಥವಳಿಗೆ ನಾನು ಬಾಗಿಲಲ್ಲೇ ನಿಂತು ಕುರಿ ಸುಖವೇ ಎಂದು ಕೇಳಿದ್ದೆ! ಕ್ಷಮೆ ಕೇಳು ಎಂದು ಗನಾಗೆ ಹೇಳಿದೆ.

"ಯಾಕ? ಎರಡು ವರ್ಷದಿಂದ ನನ್ನ ಯಾರೂ ಕೇಳಿರ್ಲಿಲ್ಲ" ಎಂದಳು ತುಯಾ. "ಎಲ್ಲಾರೂ ಪಾಪ ಅಂತಾರ, ಮಕ ನೋಡಿ ಮಾತು ನುಂಗ್ತಾರ. ಈಕಿ ಕುರಿಯಾಕಿನ್ನ ಕೇಳಿದಂಗ ಕೇಳಿದ್ಲು."

ಕಂಬಕ್ಕೆ ಸಿಕ್ಕಿಸಿದ್ದ ಸರ್ಕಾರಿ ಕಾಗದವನ್ನು ಅವಳು ಆಗಲೇ ತೋರಿಸಿದ್ದು. ಹುಲ್ಲುಗಾವಲಿನಲ್ಲಿ ಪ್ರತಿ ಮನೆತನಕ್ಕೂ ಚಳಿಗಾಲದ ನೆಲೆ ಎಂದು ಒಂದು ಇರುತ್ತದೆ. ಗುಡ್ಡದ ಮರೆಯಲ್ಲಿ, ಗಾಳಿ ತಾಕದ ಕಡೆ ಒಂದು ದೊಡ್ಡಿ. ತಲೆಮಾರುಗಳ ಹಿಕ್ಕೆ ತುಳಿದು ತುಳಿದು ನೆಲವೇ ಬೆಚ್ಚಗೆ ಹಾಸಿಗೆಯಾದ ದೊಡ್ಡಿ. ಅದಿಲ್ಲದಿದ್ದರೆ ಅಲ್ಲಿ ಕುರಿ ಸಾಕುವ ಮಾತೇ ಇಲ್ಲ. ತುಯಾಳ ನೆಲೆ ಎರಡು ಚಳಿಗಾಲ ಖಾಲಿ ಬಿದ್ದಿತ್ತು. ಬೇರೊಂದು ಮನೆಯವರು ಅದನ್ನು ಕೇಳಿದ್ದರು. ಬರುವ ಗುರುವಾರ ಅಧಿಕಾರಿ ಬಂದು ನೋಡುತ್ತಾನೆ; ಅಲ್ಲಿ ಗುಡಾರವೂ ಕುರಿಯೂ ಇದ್ದರೆ ಅವಳದು, ಇಲ್ಲದಿದ್ದರೆ ಕೇಳಿದವರದು.

"ಹೋಗ್ಲಿ ಬಿಡು ಅಂತೀನಿ" ಎಂದ ದೋರ್ಜ್. ಹೊಸದಾಗಿ ಕಟ್ಟುತ್ತಿರುವ ಮನೆಗಳ ಕಡೆ ರಾತ್ರಿ ಕಾವಲು ಅವನಿಗೆ. "ನಾ ನೋಡೀನಿ ಆ ದೊಡ್ಡಿ ಒಳಗ ಸತ್ತದ್ದು. ಮತ್ತ ಆ ಬಾಗ್ಲಾ ತೆಗಿಯಾಂಗಿಲ್ಲ."

ತುಯಾ ಒಲೆಗೆ ಇದ್ದಲು ತುರುಕಿದಳು, ಬೇಕಾದ್ದಕ್ಕಿಂತ ಜೋರಾಗಿ.

ಉಣ್ಣೆ ಬಡಿಯುವ ಮನೆ

ಅವರ ಕೆಲಸ ನೇಯ್ಗೆಯಲ್ಲ. ಉಣ್ಣೆಯನ್ನು ಕೋಲಿನಿಂದ ಬಡಿದು ಹಿಂಜಿ, ಹಾಸಿ, ಬಿಸಿನೀರು ಚಿಮುಕಿಸಿ, ಉರುಳಿಸಿ ಉರುಳಿಸಿ ದಪ್ಪ ಹಾಸು ಮಾಡುತ್ತಾರೆ. ಗುಡಾರದ ಗೋಡೆಗೆ ಹೊದಿಸುವುದು ಅದನ್ನೇ. ತುಯಾಳನ್ನು ಬಿಟ್ಟು ಎಂಟು ಹೆಂಗಸರು, ಎಲ್ಲರೂ ಕುರಿ ಕಳೆದುಕೊಂಡು ಬಂದವರು. ಅವರಿಗೆ ಹಿರಿಯಳು ಹಂದಾ, ಎಪ್ಪತ್ತು ದಾಟಿದ ಮುದುಕಿ, ಬಾಯಿ ಬಹಳ ಜೋರು. ನನ್ನ ಹುಣಸೆ ಗಂಜಿಯನ್ನು ನೆಕ್ಕಿ ನೋಡಿ, "ನೂಲಿಗೆ ಊಟ ಹಾಕ್ತೀರಿ, ನಿಮ್ಮ ದೇಶದಾಗ ಮಂದಿಗೇನ್ ಹಾಕ್ತೀರಿ?" ಎಂದಳು.

ಎರಡನೆಯ ದಿನ ನನ್ನನ್ನು ಕರೆಸಿದವರ ಕಡೆಯಿಂದ ಒಬ್ಬ ಹೆಣ್ಣುಮಗಳು ಕ್ಯಾಮೆರಾ ಹಿಡಿದು ಬಂದಳು. ಸಂತ್ರಸ್ತರು ಸಾಲಾಗಿ ನಿಲ್ಲಿ ಎಂದಳಂತೆ. ಹಂದಾ ಕೋಲು ಕೆಳಗಿಡಲಿಲ್ಲ. "ಸತ್ತದ್ದು ಕುರಿ. ನಾವು ಅದೀವಿ. ಕುರಿಯವರು ಅಂತ ಬರಿ, ಆಮ್ಯಾಲ ಫೋಟೋ ತಗಿ." ನಾನೂ ಹೋಗಿ ಅವಳ ಪಕ್ಕ ನಿಂತೆ. ಯಾಕೋ ಎದೆ ಸೆಟೆದು ನಿಂತೆ ಎಂದು ಆ ಫೋಟೋ ನೋಡಿದಾಗ ಗೊತ್ತಾಯಿತು.

ಬಡಿಯುವಾಗ ಮಾತು ಬರುತ್ತದೆ, ಎಲ್ಲ ಊರಿನಲ್ಲೂ. ತುಯಾಳ ಗುರುವಾರದ ವಿಷಯ ಬಂತು. ನಾನು ಕುರುಗೋಡಿನದೊಂದು ಹೇಳಿದೆ. ನಾನು ಸಣ್ಣವಳಿದ್ದಾಗ ಅಪ್ಪನ ಮಂದೆ ರೋಗದಲ್ಲಿ ಹೋಯಿತು. ಮುಂದಿನ ಅಮಾವಾಸ್ಯೆಗೆ ನಮ್ಮ ಬಳಗದವರು ಒಬ್ಬೊಬ್ಬರಾಗಿ ಬಂದರು, ಒಬ್ಬೊಬ್ಬರ ಹೆಗಲ ಮೇಲೂ ಒಂದೊಂದು ಹೆಣ್ಣುಮರಿ. ಮದುವೆಯಲ್ಲಿ ಮುಯ್ಯಿ ಮಾಡುತ್ತೇವಲ್ಲ, ಹಾಗೆ. ಕೊಟ್ಟವರಿಗೇ ತಿರುಗಿಸಬೇಕೆಂದಿಲ್ಲ, ಮುಂದೆ ಯಾರ ಮಂದೆ ಹೋಗುತ್ತದೋ ಅವರಿಗೆ ನಾವು ಕೊಡಬೇಕು.

ಗನಾ ಹೇಳಿ ಮುಗಿಸಿದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು. "ಇದನ್ನ ನಮಗ ಹೇಳಾಕ ಅಷ್ಟು ದೂರದಿಂದ ಬಂದಿಯೇನು?" ಎಂದಳು ಹಂದಾ. "ನಮ್ಮಲ್ಲಿ ಇಲ್ಲಂತ ತಿಳಕೊಂಡಿಯಾ? ಕೊಡೋರು ಅದೀವಿ. ಈ ಎಂಟು ಮಂದಿದೂ ಅಣ್ಣನ ಕಡಿ, ಮಾವನ ಕಡಿ ಒಂದೆರಡು ಬಿಟ್ಟದ್ದು ಅದಾವ. ಈ ಹಠಮಾರಿ ಕೇಳೂದಿಲ್ಲ!"

ತುಯಾ ಬಡಿಯುತ್ತಲೇ ಇದ್ದಳು. "ಭಿಕ್ಷಾ ಬ್ಯಾಡ ನನಗ."

"ಇನ್ನೊಂದ್ಸಲ ಭಿಕ್ಷಾ ಅಂದ್ರ ಈ ಕೋಲು ಉಣ್ಣಿಗೆ ಬೀಳಂಗಿಲ್ಲ, ನಿನ್ನ ಬೆನ್ನಿಗೆ ಬೀಳ್ತೈತಿ!"

ತುಯಾ ಮುಂದಿದ್ದ ಉಣ್ಣೆಯನ್ನೆಲ್ಲ ಬಡಿದು ಮುಗಿಸಿ, ಬೆವರು ಒರೆಸಿಕೊಂಡು, ತಲೆ ಎತ್ತದೆ ಒಂದೇ ಮಾತು ಹೇಳಿದಳು. "ಟಗರು ಹಾರಿದ ಕುರಿ ಆದ್ರ ತಗೋತೀನಿ. ಗಬ್ಬ ಇರಬೇಕು, ಬರೇ ಹೊಟ್ಟೀದು ಬ್ಯಾಡ."

ಹೆಂಗಸರು ಎಂಟು ಮೂಲೆಗೆ ಹೋಗಿ ಫೋನು ಹಿಡಿದರು. ಅಷ್ಟೂ ಮಂದಿ ಒಟ್ಟಿಗೆ ಅಣ್ಣತಮ್ಮಂದಿರನ್ನು ಬೈಯುತ್ತಿದ್ದ ಸದ್ದು! ಭಾಷೆ ತಿಳಿಯದಿದ್ದರೂ ನನಗೆ ಕುರುಗೋಡಿನಲ್ಲೇ ಕೂತಂತಾಯಿತು.

ಬುಧವಾರ

ದೋರ್ಜ್ ಕಾವಲಿನಿಂದ ಬರುವುದು ಬೆಳಗಿನ ಒಂಬತ್ತಕ್ಕೆ. ಏಳಕ್ಕೇ ಹೆಂಗಸರು ಬಂದರು, ಹಂದಾಳ ತಮ್ಮ ಸಣ್ಣ ಲಾರಿ ತಂದ. ಪಾತ್ರೆ, ಪೆಟ್ಟಿಗೆ, ಹಾಸಿಗೆ ಹೊರಗೆ. ಹಗ್ಗ ಬಿಚ್ಚಿದರು, ಉಣ್ಣೆಯ ಹೊದಿಕೆ ಸುಲಿದರು, ಮಾಡಿನ ಗಳಗಳನ್ನು ಒಂದೊಂದೇ ಕಿತ್ತರು. ನಮ್ಮವರು ಮಂದೆಯ ಜೊತೆ ಹೋಗುವಾಗ ಗುಡಾರ ಕಿತ್ತು ಕುದುರೆಗೆ ಹೇರುವುದನ್ನು ನೋಡಿದವಳು ನಾನು, ನನಗೂ ಗೊತ್ತೆಂದು ಒಂದು ಹಗ್ಗ ಎಳೆದೆ. ಒದ್ದೆ ಕಂಬಳಿಯಷ್ಟು ಭಾರದ ಹಾಸು ತಲೆಯ ಮೇಲೇ ಬಿತ್ತು. ಒಳಗಿನಿಂದ ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ, ಅವರು ನಗುತ್ತಿದ್ದರು. ಹೊರಬಂದ ಮೇಲೆ, ಹೇರುವ ಕೆಲಸಕ್ಕೆ ಕೈ ಹಾಕು ಎಂದರು. ಕೈಗೆ ಸಿಕ್ಕಿದ್ದನ್ನೆಲ್ಲ ಲಾರಿಗೆ ಒಟ್ಟಿದೆ.

ಒಂಬತ್ತಕ್ಕೆ ದೋರ್ಜ್ ಬೇಲಿಯ ಬಾಗಿಲು ತೆಗೆದು ನಿಂತ. ಹಿಮದ ನಡುವೆ ಮನೆಯಷ್ಟಗಲದ ಒಂದು ಕರಿ ವೃತ್ತ. ಅದರ ನಡುವೆ ತುಯಾ.

"ಏನ್ ಮಾಡಾಕತ್ತಿ?"

"ಮನಿಗೆ ಹೋಗಾಕತ್ತೀನಿ."

"ಈ ಚಳಿಯಾಗ? ಹತ್ತಿಪ್ಪತ್ತು ಕುರಿ ಕಟ್ಕೊಂಡು? ಮತ್ತ ಜುದ್ ಬಂದ್ರ?"

"ಬಂದ್ರ ಬರ್ಲಿ. ಅದು ನಮ್ಮನಿಗೆ ಹೊಸಾದಲ್ಲ. ಮೂರು ಬ್ಯಾಸಿಗಿ ಹುಲ್ಲು ಕೊಯ್ದಿಡ್ತೀನಿ, ಕಮ್ಮಿ ಕುರಿ ಕಟ್ತೀನಿ, ಸಾಯೂದು ಸತ್ರ ಮತ್ತ ಕಟ್ತೀನಿ. ಇನ್ನೊಬ್ರ ಗಾಜಿನ ಮನಿ ಕಾಯೂದು ನಿನಗ ಬೇಕಾದ್ರ ನೀ ಕಾಯಿ."

ದೋರ್ಜ್ ಆ ವೃತ್ತದೊಳಗೆ, ಒಲೆ ಇದ್ದ ಕಡೆ ಕೂತುಬಿಟ್ಟ. ಏಳುವುದಿಲ್ಲ ಎಂದ. ಗನಾ ವ್ಯಾನು ಶುರು ಮಾಡಿದ, ನಿಲ್ಲಿಸಿದ. ದೋರ್ಜ್ ತಲೆ ಎತ್ತಿ ಲಾರಿಯ ಕಡೆ ನೋಡಿದವನು ದಡಕ್ಕನೆ ಎದ್ದ.

"ಚಕ್ರದ ಮ್ಯಾಲ ಒಲಿ ಇಟ್ಟೋರು ಯಾರು!"

ಗುಡಾರದ ನೆತ್ತಿಯಲ್ಲಿ ಬಂಡಿಯ ಗಾಲಿಯಂಥದೊಂದು ಮರದ ಚಕ್ರ ಕೂರುತ್ತದೆ. ಅದರಿಂದಲೇ ಬೆಳಕು ಬೀಳುವುದು, ಅದಕ್ಕೇ ಎಲ್ಲ ಗಳಗಳೂ ಸೇರುವುದು. ಅಜ್ಜನಿಂದ ಬಂದದ್ದು, ಮನೆಯ ಮಾನವೇ ಅದು. ಅದನ್ನು ಯಾರೂ ದಾಟುವುದಿಲ್ಲ, ಅದರ ಮೇಲೆ ಏನನ್ನೂ ಇಡುವುದಿಲ್ಲ. ಅದರ ಮೇಲೆ ಮಸಿ ಹಿಡಿದ ಕಬ್ಬಿಣದ ಒಲೆ ಕೂತಿತ್ತು.

ನಾನು ಕೈ ಎತ್ತಿದೆ.

ಅವನು ಬೈದದ್ದನ್ನು ಗನಾ ನನಗೆ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ದೋರ್ಜ್ ಲಾರಿ ಹತ್ತಿದ. ಒಲೆ ಇಳಿಸಿದ. ಚಕ್ರವನ್ನು ತನ್ನ ಕೋಟಿನಿಂದ ಒರೆಸಿದ. "ಹೆಂಗಸರು ಹೇರಿದ್ದು ಇದು! ಎರಡು ತಿರುವು ದಾಟಿದ್ರ ರಸ್ತಿ ತುಂಬಾ ಬೀಳ್ತೈತಿ!" ಎಂದು ಗೊಣಗುತ್ತ ಎಲ್ಲವನ್ನೂ ಇಳಿಸಿ ಮತ್ತೆ ಹೇರಿದ. ಗಳಗಳು ಅಡಿಗೆ, ಹಾಸು ನಡುವೆ, ಚಕ್ರ ಎಲ್ಲಕ್ಕೂ ಮೇಲೆ. ಹಗ್ಗ ಬಿಗಿದ. ಬಿಗಿದ ಮೇಲೆ ಕೆಳಗಿಳಿಯಲಿಲ್ಲ. ಚಕ್ರದ ಅಂಚು ಹಿಡಿದು ಲಾರಿಯ ಮೇಲೇ ಕೂತ.

"ಹಿಡಕೊಳ್ಳಾಕ ಒಬ್ರು ಬೇಕು" ಎಂದ, ಯಾರನ್ನೂ ನೋಡದೆ.

ತುಯಾ ತನ್ನ ತಲೆಯ ಉಣ್ಣೆಯ ಟೋಪಿ ತೆಗೆದು ಮೇಲಕ್ಕೆ ಎಸೆದಳು. ಅವನು ಹಿಡಿದ.

ಗುರುವಾರ, ಚಳಿಗಾಲದ ನೆಲೆ

ಅರ್ಧ ದಿನದ ದಾರಿ. ರಸ್ತೆ ಮುಗಿದ ಮೇಲೆ ಬರೀ ಚಕ್ರದ ಜಾಡು. ಸಂಜೆಯೊಳಗೆ ಗುಡಾರ ಎದ್ದಿತು. ಬೆಳಿಗ್ಗೆ ಮೂರು ದಿಕ್ಕಿನಿಂದ ಮೋಟಾರ್ ಸೈಕಲ್ಲಿನ ಮೇಲೆ ಹಂದಾಳ ಬಳಗ, ಉಳಿದ ಹೆಂಗಸರ ಅಣ್ಣತಮ್ಮಂದಿರು ಕುರಿ ಅಟ್ಟಿಕೊಂಡು ಬಂದರು. ಎಷ್ಟು ಎಂದು ಬರೆಯುವುದಿಲ್ಲ. ಇದ್ದ ಕುರಿಯನ್ನು ಎಣಿಸಿ ಹೇಳುವುದು ನಮ್ಮಲ್ಲೂ ಇಲ್ಲ, ಅವರಲ್ಲೂ ಇಲ್ಲ. ದೊಡ್ಡಿಯ ಬಾಗಿಲು ಎರಡು ವರ್ಷ ಯಾರೂ ತೆರೆಯದೆ ಹಿಮಕ್ಕೆ ಬಿಗಿದುಕೊಂಡಿತ್ತು. ದೋರ್ಜ್ ಬಹಳ ಹೊತ್ತು ಅದರ ಎದುರು ನಿಂತ. ಆಮೇಲೆ ಹೆಗಲು ಕೊಟ್ಟು ನೂಕಿದ.

ಅಧಿಕಾರಿ ಮಧ್ಯಾಹ್ನಕ್ಕೆ ಜೀಪಿನಲ್ಲಿ ಬಂದ. ಒರಟನಲ್ಲ, ಚಳಿಯಲ್ಲಿ ಬೇಸತ್ತ ಮನುಷ್ಯ. ಗುಡಾರ ನೋಡಿದ, ಕೊಳವೆಯ ಹೊಗೆ ನೋಡಿದ, ದೊಡ್ಡಿಯೊಳಗೆ ಹೋಗಿ ಒಂದು ಕುರಿ ಹಿಡಿದು ಕಿವಿ ಮಡಚಿದ. ಇನ್ನೊಂದನ್ನು ಹಿಡಿದ. ಮತ್ತೊಂದನ್ನು. ಕುರಿಯ ಕಿವಿ ಕೊಯ್ದು ಗುರುತು ಮಾಡುವುದು ನಮ್ಮಲ್ಲೂ ಇದೆ, ಒಂದೊಂದು ಮನೆತನಕ್ಕೆ ಒಂದೊಂದು ಬಗೆ. ಅದನ್ನು ಓದಬಲ್ಲವನಿಗೆ ಬೇರೆ ಕಾಗದ ಬೇಡ.

"ಇದಕ್ಕ ತುದಿ ಹಾರೈತಿ, ಇದಕ್ಕ ನಡುವ ಸೀಳೈತಿ, ಇದಕ್ಕ ತೂತು ಐತಿ" ಎಂದ ಅವನು. "ಎಂಟು ಮನಿ ಕುರಿ ಇವು. ನಿನ್ನ ಗುರುತಿನದು ಒಂದೂ ಇಲ್ಲ. ನಿನ್ನವು ಯಾವವ್ವಾ?"

ಗನಾ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳುತ್ತಿದ್ದ. ದೋರ್ಜ್ ಬಾಯಿ ತೆರೆದ, ತುಯಾ ಅವನ ತೋಳಿನ ಮೇಲೆ ಕೈ ಇಟ್ಟಳು.

"ನನ್ನವು ಇವುಗಳ ಹೊಟ್ಟಿಯಾಗ ಅದಾವ. ಚೈತ್ರಕ್ಕ ಹೊರಗ ಬರ್ತಾವ. ನೋಡಬೇಕಂದ್ರ ಆಗ ಬಾ, ನಿನ್ನ ಎದುರಿಗೇ ಕಿವಿ ಕೊಯ್ತೀನಿ."

ಗನಾನ ಬಾಯಲ್ಲಿ ಅದು ಚೈತ್ರವಾಯಿತು. ಅವಳು ಅವರ ವಸಂತದ ಯಾವ ತಿಂಗಳು ಹೇಳಿದಳೋ. ಅಧಿಕಾರಿ ಕುರಿಯನ್ನು ಬಿಟ್ಟ. ಗುಡಾರದ ಕಡೆ ಇನ್ನೊಮ್ಮೆ ನೋಡಿದ, ಬಳಗದವರ ಕಡೆ ನೋಡಿದ. ಅವರಲ್ಲಿ ಒಬ್ಬರೂ ಆ ಕುರಿ ನನ್ನದು ಎನ್ನಲಿಲ್ಲ. ಕೈಗವಸು ಕಳಚಿ, ಬೆರಳಿಗೆ ಬಾಯಿಯಿಂದ ಬಿಸಿ ಊದಿಕೊಂಡು, ಪುಸ್ತಕದಲ್ಲಿ ಅವಳ ಹೆಸರು ಬರೆದ. "ಈ ಚಳಿಗಾಲಕ್ಕ ಮಾತ್ರ" ಎಂದ. "ಮುಂದಿನ ವರ್ಷ ಮತ್ತ ಬಂದು ನೋಡ್ತೀನಿ."

"ನೋಡುವಂತಿ" ಎಂದಳು ತುಯಾ. ಅವನು ಜೀಪಿನ ಕಡೆ ನಾಲ್ಕು ಹೆಜ್ಜೆ ಹೋಗಿದ್ದ. ಹಿಂದಿನಿಂದ ಕೂಗಿದಳು.

"ಏ! ದೊಡ್ಡಿ ಬಾಗ್ಲಾ ತೆರದು ಹೊಂಟಿಯಲ್ಲ. ಹಾಕ್ಕೊಂಡು ಹೋಗು. ನನ್ನ ಕುರಿ ಹೊರಗ ಬಂದಾವು!"

ಅವನು ತಿರುಗಿ ಬಂದ. ಬಾಗಿಲು ಎಳೆದ, ಹಗ್ಗ ಎರಡು ಸುತ್ತು ಸುತ್ತಿದ, ಗಂಟು ಬಿಗಿಯಿದೆಯೋ ಎಂದು ಒಮ್ಮೆ ಜಗ್ಗಿ ನೋಡಿದ.